ಇಪ್ಪತ್ಮೂರನೆಯ ಗೂಟ

ಸ್ಟೋರ್‌ಕೀಪರನಿಗೆ ಸಿಟ್ಟು ಬರುತ್ತಿರಲಿಲ್ಲ.

ಇದನ್ನು ಒಳ್ಳೆಯ ಗುಣ ಎಂದು ಹೊಗಳುವವರಿದ್ದರು. ಅವರಲ್ಲಿ ಯಾರೂ ಅವನ ಜೊತೆ ಸಂಸಾರ ಮಾಡಿದವರಲ್ಲ. ಕೆಲವರಿಗೆ ಹುಟ್ಟಿನಿಂದಲೇ ವಾಸನೆ ಗೊತ್ತಾಗುವುದಿಲ್ಲ, ಕೆಲವರಿಗೆ ತಾಳ ಹತ್ತುವುದಿಲ್ಲ, ಇವನಿಗೆ ಸಿಟ್ಟು ಇರಲಿಲ್ಲ, ಅಷ್ಟೇ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ತುಳಿದವನು ತನ್ನ ನಿಲ್ದಾಣದಲ್ಲಿ ಇಳಿಯುವವರೆಗೂ ಕಾದು ಆಮೇಲೆ ಕಾಲು ಎಳೆದುಕೊಳ್ಳುತ್ತಿದ್ದ. ನೀರು ಸರಬರಾಜು ಇಲಾಖೆಯ ಉಗ್ರಾಣದಲ್ಲಿ ಪೈಪು, ವಾಲ್ವು, ನಟ್ಟು, ಬೋಲ್ಟು ಕಾಯುತ್ತ ಅವನಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಒಮ್ಮೆ ಆಗಿನ ಇಂಜಿನಿಯರ್ ಅವನನ್ನು ಪಂಪ್ ಆಪರೇಟರ್ ಎಂದು ತಿಳಿದು, ನಾಲ್ಕನೇ ನಂಬರಿನ ಪಂಪು ಸುಟ್ಟುಹಾಕಿದ್ದಕ್ಕೆ ಅರ್ಧ ಗಂಟೆ ಬೈದರು. ಇವನು ಪೂರ್ತಿ ಕೇಳಿಸಿಕೊಂಡು, ನಂತರ ಪಂಪ್ ಹೌಸಿಗೆ ನಡೆದು ಹೋಗಿ, ನಿಜವಾದ ಆಪರೇಟರನ ಮುಂದೆ ನಿಂತು, ಅಕ್ಷರ ಬಿಡದೆ ಅಷ್ಟನ್ನೂ ಒಪ್ಪಿಸಿ ಬಂದ.

"ನಾನಲ್ಲ ಸಾರ್ ಅನ್ನೋಕೆ ಏನಾಗಿತ್ತು ನಿಮಗೆ?" ಎಂದು ಹೆಂಡತಿ ಕೇಳಿದ್ದಳು.

"ಅವರು ಚೆನ್ನಾಗಿ ಶುರು ಮಾಡಿದ್ರು. ಮಧ್ಯ ಬಾಯಿ ಹಾಕಿದ್ರೆ ಬೇಜಾರು ಮಾಡ್ಕೊಳ್ಳೋರು."

ಹೀಗಾಗಿ ಮನೆಯಲ್ಲಿ ಇಬ್ಬರ ಪಾಲಿನ ಸಿಟ್ಟನ್ನೂ ಹೆಂಡತಿಯೊಬ್ಬಳೇ ಮಾಡಬೇಕಾಗಿತ್ತು. ಹಾಲಿನವನು, ಮೀಟರ್ ಓದುವವನು, ಕಸದವನು, ಕೊನೆಗೆ ಗಂಡ. ಇದರ ಜೊತೆಗೆ ಅವಳಿಗೆ ಹೊಲಿಗೆಯ ಕೆಲಸವೂ ಇತ್ತು.

ಹೊಲಿಗೆ ನಡೆಯುತ್ತಿದ್ದದ್ದು ಹಿತ್ತಲಿನ ರೂಮಿನಲ್ಲಿ. ಬೀದಿಯ ಗೇಟಿನಿಂದ ಮನೆಯ ಪಕ್ಕದಲ್ಲೇ ಒಂದು ಕಿರಿದಾದ ಜಾಗ ಹಿಂದಕ್ಕೆ ಹೋಗುತ್ತಿತ್ತು. ಎಡಗಡೆ ಪಕ್ಕದ ಮನೆಗೆ ಅಂಟಿದ ಕಾಂಪೌಂಡು ಗೋಡೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ಸೀಬೆ ಮರ, ಕೊನೆಯಲ್ಲಿ ಆ ರೂಮು. ರೂಮಿನ ಬೆನ್ನಿಗೆ ಹಿಂದಿನ ಓಣಿ. ಆ ರೂಮನ್ನು ಅವಳು ಹೊಲಿದೇ ಕಟ್ಟಿದ್ದಳು ಅನ್ನಬೇಕು. ಮೊದಲ ವರ್ಷದ ಹೊಲಿಗೆಯಲ್ಲಿ ಮೂರು ಗೋಡೆ, ಮರುವರ್ಷ ನಾಲ್ಕನೆಯದು, ಆಮೇಲೆ ತಗಡು, ಆಮೇಲೆ ಕಿಟಕಿ. ಕಿಟಕಿ ಬರುವವರೆಗೆ ಎರಡು ವರ್ಷ ಅವಳು ಬಾಗಿಲು ತೆರೆದಿಟ್ಟುಕೊಂಡು ಹೊಲಿದಳು. ಒಳಗೆ ಮೋಟಾರಿನ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಇಸ್ತ್ರಿ ಪೆಟ್ಟಿಗೆ. ಆ ಸಲ ದೊಡ್ಡಾಸ್ಪತ್ರೆಯವರು ಅರವತ್ತು ಬಿಳಿ ಕೋಟು ಕೊಟ್ಟಿದ್ದರು. ತಿಂಗಳ ಕೊನೆಯ ಶುಕ್ರವಾರದೊಳಗೆ ಅರವತ್ತೂ ಒಪ್ಪಿಸಿದರೆ ವರ್ಷಪೂರ್ತಿ ಆಸ್ಪತ್ರೆಯ ಹೊಲಿಗೆಯೆಲ್ಲ ಅವಳಿಗೇ ಎಂದು ಮೇಟ್ರನ್ ಬಾಯಿಬಿಟ್ಟು ಹೇಳಿದ್ದಳು.

ಆ ಹೊತ್ತಿಗೆ ಸರಿಯಾಗಿ ಹೆಗ್ಗಣಗಳು ಬಂದವು.

ಮೊದಲ ಬಿಲ ಗೇಟಿನ ಕಂಬದ ಬುಡದಲ್ಲಿ, ಬೀದಿ ಚರಂಡಿಯ ಪಕ್ಕ. ವಾರದೊಳಗೆ ಗೋಡೆಯುದ್ದಕ್ಕೂ ಸಾಲಾಗಿ ಬಿಲಗಳೆದ್ದವು. ಪ್ರತಿ ಬಿಲದ ಬಾಯಲ್ಲೂ ಹೊಸ ಮಣ್ಣು, ಜರಡಿ ಹಿಡಿದಷ್ಟು ನುಣುಪು. ಹೆಂಡತಿ ಸುಮ್ಮನೆ ಕೂರುವವಳಲ್ಲ. ಕುದಿಯುವ ನೀರು ಹೊಯ್ದಳು, ಗಾಜಿನ ಚೂರು ತುಂಬಿದಳು, ಹೊಗೆ ಹಾಕಿದಳು. ವಿಷದ ಉಂಡೆ ಇಟ್ಟಳು. ಅವನ್ನು ತಿಂದ ಮೇಲೆ ಹೆಗ್ಗಣಗಳ ಮೈ ಇನ್ನಷ್ಟು ತುಂಬಿಕೊಂಡ ಹಾಗೆ ಕಂಡಿತು. ಒಂದು ಮಧ್ಯಾಹ್ನ ಅವಳು ಕೋಟಿನ ತೋಳು ಕತ್ತರಿಸುತ್ತಿದ್ದಾಗ ಮೇಜಿನ ಒಂದು ಕಾಲು ನೆಲದೊಳಗೆ ನಾಲ್ಕು ಬೆರಳು ಇಳಿಯಿತು. ಕತ್ತರಿ ಜಾರಿ ತೋಳು ಅಡ್ಡಡ್ಡ ಸೀಳಿತು.

"ನೆಲದ ಅಡಿ ಟೊಳ್ಳಾಗಿದೆ," ಎಂದು ಅವಳು ಗಂಡನನ್ನು ಕರೆದು ತೋರಿಸಿದಳು. "ಒಬ್ಬ ಗಾರೆ ಮೇಸ್ತ್ರಿನ ಕರ್ಕೊಂಡು ಬನ್ನಿ. ನೆಲ ಒಡೆದು ಕಾಂಕ್ರೀಟು ಹಾಕ್ಲಿ. ಎರಡು ದಿನದ ಕೆಲಸ. ಇಷ್ಟೇ ನಾನು ಕೇಳೋದು."

ಅಂದೇ ಅವನು ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಬಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ಯಾರಿಗೂ ಬೇಸರವಾಗುತ್ತಿರಲಿಲ್ಲ. ಆದರೆ ಅಂದು ಭಾನುವಾರ. ಬಾಮೈದ ಬಂದಿದ್ದ.

ಬಾಮೈದ ಬೀಗ ಮಾರುವವನು. ಲೋಕದಲ್ಲಿ ಯಾವುದು ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಅವನು ಟೀ ಲೋಟ ಹಿಡಿದು ಹಿತ್ತಲೆಲ್ಲ ತಿರುಗಿ ಬಂದು ತೀರ್ಪು ಕೊಟ್ಟ.

"ಅಕ್ಕ, ಭಾವನ ಕೈಲಿ ಇದು ಆಗೋ ಮಾತಲ್ಲ."

"ಯಾಕೆ ಆಗಲ್ಲ?" ಎಂದು ಸ್ಟೋರ್‌ಕೀಪರ್ ಕೇಳಿದ. ತಿಳಿದುಕೊಳ್ಳಲಿಕ್ಕೆಂದೇ ಕೇಳಿದ.

"ಹೆಗ್ಗಣ ಹೊಡೆಯೋಕೆ ಸಿಟ್ಟು ಬೇಕು ಭಾವ. ನೀವು ವಿಷ ಇಟ್ರೆ ಪಕ್ಕದಲ್ಲಿ ಒಂದು ಲೋಟ ನೀರೂ ಇಟ್ಟು ಬರ್ತೀರ."

ಹೆಂಡತಿ ನಕ್ಕಳು. ನಗಬಾರದಿತ್ತು. ಬೈಗುಳವನ್ನು ಅವನು ಇಪ್ಪತ್ತು ವರ್ಷದಿಂದ ಕೇಳಿಸಿಕೊಂಡಿದ್ದ, ಅದಕ್ಕೆ ಕಿವಿ ಹೊಂದಿಕೊಂಡಿತ್ತು. ಈ ನಗೆ ಹೊಸದು. ಸ್ಟೋರ್‌ಕೀಪರ್ ಲೋಟ ಕೆಳಗಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ಗತ್ತಿನಿಂದ ಮಾತಾಡಿದ.

"ಸಿಟ್ಟು ಯಾಕೆ ಬೇಕು? ಇದಕ್ಕೆ ಬೇಕಾಗಿರೋದು ವ್ಯವಸ್ಥೆ. ನಾನು ವ್ಯವಸ್ಥೆ ಮಾಡ್ತೀನಿ."

ಉಗ್ರಾಣದವರ ಮೊದಲ ಪಾಠ: ಲೆಕ್ಕಕ್ಕೆ ಬಾರದ ಸಾಮಾನನ್ನು ವಿಲೇವಾರಿ ಮಾಡಲಾಗದು. ಮೊದಲು ಎಣಿಕೆ, ನಂತರ ನಂಬರು, ಆಮೇಲೆ ಉಳಿದದ್ದು. ಉಗ್ರಾಣದ ಮೂಲೆಯಲ್ಲಿ ಮರದ ಗೂಟಗಳ ಒಂದು ರಾಶಿ ಇತ್ತು. ಹತ್ತು ವರ್ಷದ ಹಿಂದೆ 'ಎರಡನೇ ಹಂತ' ಎಂಬ ಯೋಜನೆಯೊಂದು ಶುರುವಾಗುವ ಮೊದಲೇ ಸತ್ತಿತ್ತು. ಪೈಪು ಹಾಯುವ ದಾರಿ ಗುರುತಿಸಲೆಂದು ಆಗ ಮಾಡಿಸಿದ ಗೂಟಗಳು. ತಲೆಗೆ ಕೆಂಪು ಬಣ್ಣ, ಎದೆಯ ಮೇಲೆ ಬಿಳಿ ಅಂಕಿ, ಅಂಕಿಯ ಕೆಳಗೆ 'ಎರಡನೇ ಹಂತ' ಎಂಬ ಇಲಾಖೆಯ ಮುದ್ರೆ. ಸೌದೆಗೆ ಕೊಡಬಹುದು ಎಂದು ಯಾವಾಗಲೋ ಬರೆದಾಗಿತ್ತು. ಸ್ಟೋರ್‌ಕೀಪರ್ ಇಪ್ಪತ್ಮೂರು ಗೂಟ ಬೇಕೆಂದು ತನಗೇ ಒಂದು ಅರ್ಜಿ ಬರೆದುಕೊಂಡು, ತಾನೇ ಮಂಜೂರು ಮಾಡಿ, ಕೊಟ್ಟವರ ಜಾಗದಲ್ಲೂ ತೆಗೆದುಕೊಂಡವರ ಜಾಗದಲ್ಲೂ ರುಜು ಹಾಕಿದ. ಇಪ್ಪತ್ಮೂರು ಬಿಲಕ್ಕೆ ಇಪ್ಪತ್ಮೂರು ಗೂಟ. ಗೇಟಿನ ಬುಡದ್ದು ಒಂದು. ಗೋಡೆಯುದ್ದಕ್ಕೂ ಎರಡರಿಂದ ಇಪ್ಪತ್ತೊಂದು. ಇಪ್ಪತ್ತೆರಡು ರೂಮಿನ ಈ ಗೋಡೆಗೆ ಒಂದಡಿ ದೂರದಲ್ಲಿ. ಇಪ್ಪತ್ಮೂರು ರೂಮಿನ ಆಚೆ, ಓಣಿಯ ಪಕ್ಕ. ಇವೆರಡರ ನಡುವೆ ಏನಿದೆ ಎಂದು ಅವನು ಬರೆದುಕೊಳ್ಳಲಿಲ್ಲ. ನಡುವೆ ಇದ್ದವಳು ಹೆಂಡತಿ.

ಪ್ರತಿ ಸಂಜೆ ಬಿಲಗಳ ಬಾಯಿಗೆ ಹಳೆಯ ಪತ್ರಿಕೆ ತುರುಕಿ, ಬೆಳಿಗ್ಗೆ ಯಾವುದರದು ಹೊರಬಿದ್ದಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕುತ್ತಿದ್ದ. ನಾಲ್ಕನೆಯ ದಿನ ಹೆಂಡತಿ ರಿಜಿಸ್ಟರು ಕಿತ್ತುಕೊಂಡು ನೋಡಿದಳು. ಕ್ರಮಸಂಖ್ಯೆ, ಸ್ಥಳ, ಬಾಯಿಯ ಅಳತೆ, ಷರಾ.

"ಷರಾದಲ್ಲಿ ಎಲ್ಲದಕ್ಕೂ ಒಂದೇ ಬರೆದಿದ್ದೀರಲ್ಲ."

"ಹೂಂ. 'ಚಾಲ್ತಿಯಲ್ಲಿದೆ.'"

"ಇದನ್ನ ಓದಿ ಹೆಗ್ಗಣ ನಾಚಿಕೊಂಡು ಊರು ಬಿಡುತ್ತಾ?"

"ಮೊದಲು ಪೂರ್ತಿ ಮಾಹಿತಿ ಸಿಗಲಿ."

"ಇವತ್ತು ಮೇಜಿನ ಎರಡನೇ ಕಾಲೂ ಇಳೀತು. ಅದನ್ನೂ ಬರ್ಕೊಳ್ಳಿ, ಸೇರಿಸಿ."

ಅವನು ಬರೆದುಕೊಂಡ.

ಗೋಡೆಯಾಚೆ ಇದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೆಲಸ ಬಿಟ್ಟು ಆರು ವರ್ಷವಾದರೂ ಅವರ ಕೊರಳಲ್ಲಿ ಸೀಟಿ ನೇತಾಡುತ್ತಲೇ ಇತ್ತು. ಬೆಳಗಿನ ವ್ಯಾಯಾಮದಲ್ಲಿ ಪಾದದ ತುದಿಯ ಮೇಲೆ ಎದ್ದಾಗ ಗೋಡೆಯ ಮೇಲಿಂದ ಅವರ ಕಣ್ಣು ಮಾತ್ರ ಈ ಕಡೆ ಬರುತ್ತಿತ್ತು. ಅಂದು ಎದ್ದ ಕಣ್ಣು ಇಳಿಯಲಿಲ್ಲ.

"ಏನ್ರೀ ಸ್ಟೋರು, ದೊಡ್ಡ ಪೈಪು ಬರ್ತಾ ಇದೆ. ಒಂದು ಮಾತು ಹೇಳಬಾರದಿತ್ತೇ?"

"ಪೈಪು ಇಲ್ಲ ಮೇಷ್ಟ್ರೇ. ಹೆಗ್ಗಣ."

ಮೇಷ್ಟ್ರು ಕೆಂಪು ತಲೆಯ ಗೂಟಗಳ ಸಾಲನ್ನು ಒಂದರಿಂದ ಕೊನೆಯವರೆಗೆ ನೋಡಿದರು. ಎಲ್ಲವೂ ಸರಿಯಾದ ಅಂತರದಲ್ಲಿ, ಎದೆಯುಬ್ಬಿಸಿ ನಿಂತಿದ್ದವು. ಮೂವತ್ತು ವರ್ಷದಲ್ಲಿ ಅವರ ವಿದ್ಯಾರ್ಥಿಗಳು ಒಮ್ಮೆಯೂ ಹಾಗೆ ನಿಂತವರಲ್ಲ.

"ಹೆಗ್ಗಣಕ್ಕೆ ಇಲಾಖೆ ಮುದ್ರೆ ಹಾಕಿದ ಗೂಟ ಹೊಡೀತಾರೇನ್ರಿ?"

"ನಂಬರ್ ಬೇಕಿತ್ತಲ್ಲ."

ಮೇಷ್ಟ್ರ ಕಣ್ಣು ಗೋಡೆಯಿಂದ ಇಳಿಯಿತು. ಅದು ಇಳಿದದ್ದು ಬೀದಿಗೆ.

ಆ ಬೀದಿಗೆ ದಿನ ಬಿಟ್ಟು ದಿನ ನಲವತ್ತು ನಿಮಿಷ ನೀರು ಬರುತ್ತಿತ್ತು. ನೀರಿಲ್ಲದ ಬೀದಿಯಲ್ಲಿ ಬೇರೆ ಏನೇ ಕಡಿಮೆಯಾದರೂ ಸಿಟ್ಟು ಕಡಿಮೆಯಾಗುವುದಿಲ್ಲ. ಸಾಕಾಗಿ ಮಿಕ್ಕಿ ಹರಿಯುತ್ತಿರುತ್ತದೆ, ಇಳಿಜಾರು ಕಂಡ ಕಡೆ ಹೋಗುತ್ತದೆ. ಸಂಜೆಯ ಹೊತ್ತಿಗೆ ಅದು ಸ್ಟೋರ್‌ಕೀಪರನ ಗೇಟಿನ ಮುಂದೆ ಬಂದು ನಿಂತಿತ್ತು. ಮುಂದೆ ನಿಂತವನು ಎದುರುಮನೆಯ ಔಷಧಿ ಅಂಗಡಿಯವನು. ಬೀದಿಯವರು ಅವನನ್ನು 'ಮಾತ್ರೆ' ಎಂದೇ ಕರೆಯುತ್ತಿದ್ದರು.

"ಬೀದಿಗೆಲ್ಲ ಬೆರಳು ಗಾತ್ರದ ಪೈಪು, ಇವರ ಹಿತ್ತಲಿಗೆ ತೊಡೆ ಗಾತ್ರದ್ದು. ಉಗ್ರಾಣದ ಬೀಗದಕೈ ಇವರ ಹತ್ರ ಇದೆಯಲ್ಲ, ಯಾರು ಕೇಳ್ತಾರೆ," ಎಂದ ಮಾತ್ರೆ.

"ಅದು ಹೆಗ್ಗಣದ ಬಿಲಗಳಪ್ಪ," ಎಂದ ಸ್ಟೋರ್‌ಕೀಪರ್. "ಬೇಕಾದ್ರೆ ರಿಜಿಸ್ಟರ್ ಇದೆ, ತೋರಿಸ್ತೀನಿ."

ಗೂಟ ಹೊಡೆದ ಮೇಲೆ ಇದು ಅವನು ಮಾಡಿದ ಎರಡನೆಯ ತಪ್ಪು. ರಿಜಿಸ್ಟರು ಕೈಯಿಂದ ಕೈಗೆ ಹೋಯಿತು. ಎಲ್ಲರಿಗೂ ಕಂಡದ್ದು ಇಷ್ಟು: ನಂಬರು, ಸ್ಥಳ, ಬಾಯಿಯ ಅಳತೆ, ಚಾಲ್ತಿಯಲ್ಲಿದೆ. ಮಾತ್ರೆ ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿ ವಾಪಸು ಕೊಟ್ಟ. ಕಳ್ಳನೇ ಬಂದು ಬೆರಳಚ್ಚು ಒತ್ತಿಕೊಟ್ಟ ಹಾಗಾಗಿತ್ತು ಅವನಿಗೆ.

ಮರುದಿನ ಅರ್ಜಿ ತಯಾರಾಯಿತು. ಬಲಸಾಲಿನ ಮನೆಯವರು ಈ ಗುಪ್ತ ಪೈಪನ್ನು ಕೂಡಲೇ ನಿಲ್ಲಿಸಬೇಕೆಂದರು. ಎಡಸಾಲಿನವರು ಅದನ್ನು ಕೂಡಲೇ ಹಾಕಿ ತಮಗೂ ಸಂಪರ್ಕ ಕೊಡಬೇಕೆಂದರು. ಎರಡೂ ಬೇಡಿಕೆಯನ್ನು ಒಂದೇ ಹಾಳೆಯಲ್ಲಿ ಬರೆದು ಐವತ್ತೊಂದು ಜನ ರುಜು ಹಾಕಿದರು. ಹೆಂಡತಿಯ ಹತ್ತಿರ ರವಿಕೆ ಹೊಲಿಯಲು ಕೊಟ್ಟ ಇಬ್ಬರು ಬಂದು ಬಟ್ಟೆ ವಾಪಸು ಕೇಳಿದರು. ಅವಳು ಅರ್ಧ ಹೊಲಿದದ್ದನ್ನು ಹಾಗೇ ಸೂಜಿಯ ಸಮೇತ ಕೊಟ್ಟು, ನೆಟ್ಟಗೆ ಡ್ರಿಲ್ ಮೇಷ್ಟ್ರ ಮನೆಗೆ ಹೋದಳು.

"ಇಲ್ಲದ ಪೈಪಿಗೆ ನಾನು ಮಾತು ಕೇಳ್ಬೇಕಾ ಮೇಷ್ಟ್ರೇ? ಬನ್ನಿ, ಬಿಲದೊಳಗೆ ಕೈ ಹಾಕಿ ನೋಡಿ. ಕಚ್ಚಿದ್ರೆ ಹೆಗ್ಗಣ, ಕಚ್ಚದಿದ್ರೆ ಪೈಪು."

"ಅಮ್ಮ, ಮೂವತ್ತು ವರ್ಷ ಹುಡುಗರ ನೆಪ ಕೇಳಿದವನು ನಾನು. ಹೊಟ್ಟೆನೋವು, ತಲೆನೋವು, ಅಜ್ಜಿ ತೀರಿಕೊಂಡರು. ಒಬ್ಬನ ಅಜ್ಜಿ ಒಂದೇ ವರ್ಷದಲ್ಲಿ ನಾಲ್ಕು ಸಲ ತೀರಿಕೊಂಡರು. ಹೆಗ್ಗಣ ಅನ್ನೋದು ಹೊಸದು, ಅದನ್ನ ಒಪ್ತೀನಿ."

ಅರ್ಜಿ ಇಲಾಖೆಗೆ ಮುಟ್ಟಿತು. ಅಲ್ಲಿ ಮೂರು ತಿಂಗಳ ಹಿಂದಷ್ಟೇ ಹೊಸ ಇಂಜಿನಿಯರ್ ಬಂದಿದ್ದರು. ಇನ್ನೂ ಮೂವತ್ತು ತುಂಬಿರಲಿಲ್ಲ. ಅವರು ಹೆದರುತ್ತಿದ್ದದ್ದು ಎರಡಕ್ಕೇ, ರುಜುಗಳಿರುವ ಅರ್ಜಿಗೆ ಮತ್ತು ಕಳೆದುಹೋದ ಕಡತಕ್ಕೆ. ಈಗ ಎರಡೂ ಒಟ್ಟಿಗೆ ಬಂದಿದ್ದವು. ಗೂಟದ ಮೇಲೆ 'ಎರಡನೇ ಹಂತ' ಎಂದಿದೆ, ಅಂದರೆ ಯೋಜನೆ ಇದೆ. ಕಡತ ಮಾತ್ರ ಇಲ್ಲ. ಕಡತ ಕಳೆದಿದೆ ಎಂದು ಬರೆದರೆ ಕಳೆದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅವರು ತಾವೇ ಹೋಗಿ ಗೇಟಿನ ಹೊರಗಿನಿಂದ ಗೂಟಗಳನ್ನು ನೋಡಿ ಬಂದು ಸ್ಟೋರ್‌ಕೀಪರನನ್ನು ಕರೆಸಿದರು.

"ಈ ಗೂಟ ಹೊಡೆದಿದ್ದು ಯಾರು?"

"ನಾನೇ ಸಾರ್."

"ಯಾರ ಆದೇಶ?"

"ಹೆಂಡತೀದು ಸಾರ್."

"ದಾರಿ ಗುರುತು ಮಾಡಿದ್ದು ಯಾರು? ಬೀದಿಯಿಂದ ಹಿಂದಿನ ಓಣಿಗೆ ಇಷ್ಟು ನೆಟ್ಟಗೆ, ಇಷ್ಟು ಸರಿಯಾದ ಇಳಿಜಾರಿಗೆ ನಮ್ಮವರು ಯಾರೂ ಗುರುತು ಮಾಡಿದ್ದು ನಾನು ನೋಡಿಲ್ಲ."

"ಹೆಗ್ಗಣಗಳು ಸಾರ್."

ಇಂಜಿನಿಯರ್ ಎದ್ದು ಬಾಗಿಲು ಹಾಕಿ ಬಂದರು. ಆಮೇಲೆ ಸ್ಟೋರ್‌ಕೀಪರ್ ಎಲ್ಲವನ್ನೂ ಹೇಳಿದ. ಅವರು ಗಲ್ಲಕ್ಕೆ ಕೈಕೊಟ್ಟು ಕೇಳಿದರು. ನಂಬಿದರು ಕೂಡ. ಇಡೀ ಊರಿನಲ್ಲಿ ಅವನ ಮಾತು ನಂಬಿದ ಒಬ್ಬನೇ ಮನುಷ್ಯ ಅವರು. ಎಲ್ಲ ಹಾಳು ಮಾಡಿದವರೂ ಅವರೇ.

"ನೋಡಿ, ಇದನ್ನ ನಾನು ಬರವಣಿಗೆಯಲ್ಲಿ ಏನಂತ ಕಳಿಸ್ಲಿ? ಇಲಾಖೆ ಗೂಟ ಹೆಗ್ಗಣದ ಎಣಿಕೆಗೆ ಹೋಗಿದೆ ಅಂತಲಾ? ಮೊದಲು ನಿಮ್ಮ ಕೆಲಸ ಹೋಗುತ್ತೆ, ಅದರ ಹಿಂದೆ ನನ್ನದು. ಪೈಪು ಹಾಕಿದ್ರೆ ಯಾಕೆ ಹಾಕಿದ್ರಿ ಅಂತ ಯಾರೂ ಕೇಳಲ್ಲ. ಹಾಕದಿದ್ರೆ ಐವತ್ತೊಂದು ಜನ ಕೇಳ್ತಾರೆ."

"ಹೌದು ಸಾರ್."

"ಹಾಗಾದ್ರೆ ಪೈಪೇ ಹಾಕಿಬಿಡೋಣ."

ಹೊಟ್ಟೆಯಲ್ಲಿ ಸಿಟ್ಟಿರುವ ಯಾವ ಮನುಷ್ಯನಾದರೂ ಇಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಏಳುತ್ತಿದ್ದ. ಸ್ಟೋರ್‌ಕೀಪರನಿಗೆ ಅಷ್ಟರಲ್ಲಿ ಟೀ ಬಂದಿತ್ತು. ಇಂಜಿನಿಯರ್ ತಮ್ಮ ಕೈಯಾರೆ ಲೋಟ ಮುಂದಿಟ್ಟಿದ್ದರು. ಟೀ ಕುಡಿಯುತ್ತ ಅವನಿಗೆ ಒಂದು ಯೋಚನೆ ಹೊಳೆಯಿತು, ಅದು ಒಳ್ಳೆಯದೆಂದೂ ಅನ್ನಿಸಿತು. ಮೂರಡಿ ಆಳ ಅಗೆಯುತ್ತಾರೆ. ಹೆಗ್ಗಣದ ಬಿಲ ಎರಡಡಿ. ಗಾರೆ ಮೇಸ್ತ್ರಿಯೇ ಬೇಕಿಲ್ಲ. 'ಗೂಟಗಳು ಸ್ಥಳದಲ್ಲಿರುವುದು ನಿಜ, ಕಾಮಗಾರಿಗೆ ನನ್ನ ಆಕ್ಷೇಪಣೆ ಇಲ್ಲ' ಎಂಬ ಹಾಳೆಯನ್ನು ಅವನು ಓದಿ, ಒಂದು ಕಾಗುಣಿತ ತಿದ್ದಿ, ರುಜು ಹಾಕಿದ.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ: "ವ್ಯವಸ್ಥೆ ಆಯ್ತು. ಬುಧವಾರ ಇಲಾಖೆಯವರೇ ಬಂದು ಬಿಲ ಎಲ್ಲ ಅಗೆದು ಹಾಕ್ತಾರೆ."

ಹೆಂಡತಿ ಮಿಷನ್ನು ನಿಲ್ಲಿಸಿದಳು. "ಹೆಗ್ಗಣ ಹಿಡಿಯೋಕೆ ನೀರಿನ ಇಲಾಖೆಯವರು ಬರ್ತಾರಾ?"

"ದೊಡ್ಡವರೇ ಒಪ್ಪಿದ್ದಾರೆ. ಟೀ ಕೊಟ್ರು."

"ಈ ರೂಮಿಗೆ ಏನೂ ಆಗಲ್ಲ ತಾನೆ?"

"ಗೂಟ ಇರೋ ಕಡೆ ಮಾತ್ರ ಅಗೆಯೋದು."

ಇದು ಸುಳ್ಳಲ್ಲ. ಅವನು ಸುಳ್ಳು ಹೇಳುವವನಲ್ಲ. ಆದರೆ ಇಪ್ಪತ್ತೆರಡರಿಂದ ಇಪ್ಪತ್ಮೂರಕ್ಕೆ ಒಂದು ಗೆರೆ ಎಳೆದರೆ ಅದು ಯಾವುದರ ಮೇಲೆ ಹೋಗುತ್ತದೆ ಎಂದು ಅವನು ಯೋಚಿಸಲಿಲ್ಲ. ಉಗ್ರಾಣದಲ್ಲಿ ಸಾಮಾನುಗಳ ಮಧ್ಯೆ ಗೆರೆ ಎಳೆಯುವ ಪದ್ಧತಿಯಿಲ್ಲ.

ಬುಧವಾರ ಬೆಳಿಗ್ಗೆ ಹೆಂಡತಿ ಹೊಲಿದು ಮುಗಿಸಿದ ಇಪ್ಪತ್ತು ಕೋಟುಗಳನ್ನು ಕಟ್ಟಿಕೊಂಡು ಆಸ್ಪತ್ರೆಗೆ ಹೋದಳು. ಉಳಿದ ನಲವತ್ತು ಇಸ್ತ್ರಿಯಾಗಿ ಮೇಜಿನ ಮೇಲೆ ಕೂತಿದ್ದವು. ಗುಂಡಿ ಹಾಕುವುದಷ್ಟೇ ಬಾಕಿ. ಅವಳು ಬೀದಿಯ ತಿರುವು ದಾಟುತ್ತಿದ್ದಂತೆ ಆ ಕಡೆಯಿಂದ ಹಳದಿ ಯಂತ್ರ ಬಂತು. ಉದ್ದ ಕೈ, ಕೈಯ ತುದಿಯಲ್ಲಿ ಹಲ್ಲಿನ ಬಕೆಟ್ಟು.

ಗುತ್ತಿಗೆದಾರನ ಮೇಸ್ತ್ರಿ ಇಳಿದು ಮನೆಯ ಪಕ್ಕದ ಜಾಗವನ್ನು ಅಳೆದ. ಜಾಗ ಏಳಡಿ, ಯಂತ್ರ ಎಂಟಡಿ.

"ಗೇಟು ತೆಗೀಬೇಕಾಗುತ್ತೆ ಸಾರ್. ಒಂಚೂರು ಗೋಡೆನೂ."

"ಎಷ್ಟು?"

"ಒಂಚೂರು."

ಒಂಚೂರು ಅಂದರೆ ಮೂವತ್ತಡಿ. ಡ್ರಿಲ್ ಮೇಷ್ಟ್ರು ತಮ್ಮ ಗೋಡೆಯೂ ಅದೇ ಎಂಬುದನ್ನು ಮರೆತು, ಸೀಟಿ ಊದುತ್ತ ಯಂತ್ರಕ್ಕೆ ಹಿಂದೆ, ಮುಂದೆ, ಬಲಕ್ಕೆ ಎಂದು ಆಜ್ಞೆ ಕೊಡುತ್ತಿದ್ದರು. ಆರು ವರ್ಷದ ನಂತರ ಅವರ ಮಾತು ಕೇಳುವ ಒಂದು ವಸ್ತು ಸಿಕ್ಕಿತ್ತು. ಮಾತ್ರೆ ಅಂಗಡಿ ಮುಚ್ಚಿ ಬಂದಿದ್ದ. ಬಲಸಾಲಿನವರು ನಿಲ್ಲಿಸಿ ಎಂದು ಕೂಗಿದರು, ಎಡಸಾಲಿನವರು ಬೇಗ ಆಗಲಿ ಎಂದು ಕೂಗಿದರು. ಬಾಮೈದ ಸ್ಕೂಟರಿನ ಮೇಲೆ ಕೂತೇ ನೋಡುತ್ತಿದ್ದ. ಒಂದು, ಎರಡು, ಮೂರು ಎಂದು ಗೂಟ ಹಿಡಿದುಕೊಂಡು ಕಾಲುವೆ ಹಿಂದಕ್ಕೆ ಬಂತು. ಸೀಬೆ ಮರ ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ ಇತ್ತು. ಆಮೇಲೆ ಇರಲಿಲ್ಲ.

"ಒಂದೂ ಹೆಗ್ಗಣ ಕಾಣ್ತಿಲ್ಲವಲ್ಲ ಭಾವ," ಎಂದ ಬಾಮೈದ.

"ಒಳಗೆ ಸರಿದಿರಬೇಕು," ಎಂದ ಸ್ಟೋರ್‌ಕೀಪರ್. ಯಾವುದರ ಒಳಗೆ ಎಂದು ಅವನಿಗೆ ಆಗಲೂ ಹೊಳೆಯಲಿಲ್ಲ.

ಹನ್ನೆರಡರ ಹೊತ್ತಿಗೆ ಕಾಲುವೆ ಇಪ್ಪತ್ತೆರಡನೇ ಗೂಟಕ್ಕೆ ಮುಟ್ಟಿತು. ಮೇಸ್ತ್ರಿ ಯಂತ್ರ ನಿಲ್ಲಿಸಿ, ಕೈಯಲ್ಲಿದ್ದ ಹಾಳೆ ನೋಡಿ, ರೂಮು ನೋಡಿ, ಸುತ್ತು ಹಾಕಿ ಆಚೆಯ ಗೂಟ ನೋಡಿ ಬಂದ.

"ಸಾರ್, ಇಪ್ಪತ್ತೆರಡಾದ ಮೇಲೆ ಇಪ್ಪತ್ಮೂರು. ಮಧ್ಯ ಈ ರೂಮಿದೆಯಲ್ಲ."

"ಅದು ಬರಲ್ಲ. ಅದು ಹೆಂಡತಿ ಹೊಲಿಯೋ ರೂಮು."

"ರುಜು ನಿಮ್ಮದೇ ತಾನೆ? ಇಲ್ಲಿದೆ ನೋಡಿ. ಆಕ್ಷೇಪಣೆ ಇಲ್ಲ."

ಆಗಲೇ ಹೆಂಡತಿ ಬಂದಳು. ಬಿದ್ದ ಗೇಟು ದಾಟಿ, ಮಲಗಿದ ಗೋಡೆ ದಾಟಿ, ಸೀಬೆ ಮರದ ಕೊಂಬೆಗಳನ್ನು ಕೈಯಿಂದ ಸರಿಸಿಕೊಂಡು ಬಂದಳು. ಸೀಟಿ ಮೇಷ್ಟ್ರ ಬಾಯಿಂದ ತಾನಾಗಿ ಉದುರಿತು. ಅವಳು ರೂಮಿನೊಳಗೆ ಹೋಗಿ, ಮಿಷನ್ನಿನ ಮುಂದೆ ಕೂತು, ಮೊದಲ ಕೋಟು ತೆಗೆದು ಗುಂಡಿ ಹಾಕಲು ಶುರು ಮಾಡಿದಳು.

"ಹೂಂ, ಅಗೀರಿ," ಎಂದಳು ಒಳಗಿನಿಂದ. "ನಾನು ಎದ್ದು ಬರಲ್ಲ. ನಲವತ್ತು ಕೋಟಿದೆ. ಶುಕ್ರವಾರ ಕೊಡಬೇಕು. ಅಗೀರಿ."

ಮೇಸ್ತ್ರಿ ಇಂಜಿನಿಯರಿಗೆ ಫೋನು ಮಾಡಿದ. ಆ ಕಡೆಯ ಮಾತು ಎಲ್ಲರಿಗೂ ಕೇಳಿಸಿತು. "ಗೂಟ ಇರೋವರೆಗೆ ಅಗೀಬೇಕು. ತಡೆದ್ರೆ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಬರೀತೀನಿ. ಮನೆಯವರನ್ನ ಸಮಾಧಾನವಾಗಿ ಹೊರಗೆ ಕರ್ಕೊಂಡು ಬರೋಕೆ ಸ್ಟೋರ್‌ಕೀಪರಿಗೆ ಹೇಳಿ. ಅವರು ಒಳ್ಳೆ ಮನುಷ್ಯ."

"ಭಾವ, ಹೋಗಿ ಕರೀರಿ," ಎಂದ ಬಾಮೈದ. "ನಿಮ್ಮದೇ ವ್ಯವಸ್ಥೆ."

ಸ್ಟೋರ್‌ಕೀಪರ್ ಎದೆಯ ಮೇಲೆ ಕೈಯಿಟ್ಟುಕೊಂಡ. "ಇಲ್ಲಿ ಏನೋ ಬಿಸಿ ಬಿಸಿ ಆಗ್ತಾ ಇದೆ. ಕಿವಿನೂ."

ಬಾಮೈದ ಅವನ ಮುಖ ನೋಡಿ ಸ್ಕೂಟರಿನಿಂದ ಇಳಿದ. "ಭಾವ, ಅದು ಸಿಟ್ಟು."

ಐವತ್ತು ವರ್ಷ ಒಮ್ಮೆಯೂ ಬಾರದೆ ಉಳಿದದ್ದು ಅದು. ಬಂದಾಗ ಅದಕ್ಕೆ ಯಾವ ಬಾಗಿಲು ಎಂದು ಗೊತ್ತಾಗಲಿಲ್ಲ. ಅವನಿಗೆ ಬೈಯಲು ಬರುತ್ತಿರಲಿಲ್ಲ, ಅಭ್ಯಾಸವಿರಲಿಲ್ಲ. ಗೊತ್ತಿದ್ದದ್ದು ಒಂದೇ ಬೈಗುಳ, ಹಳೆಯ ಇಂಜಿನಿಯರ್ ಅರ್ಧ ಗಂಟೆ ಬೈದದ್ದು. ಅದು ಅಕ್ಷರ ಬಿಡದೆ ನೆನಪಿತ್ತು. ಅದೇ ಹೊರಟಿತು.

"ಏನಯ್ಯಾ ತಿಳ್ಕೊಂಡಿದ್ದೀಯ ನೀನು?" ಎಂದು ಅವನು ಡ್ರಿಲ್ ಮೇಷ್ಟ್ರ ಕಡೆ ತಿರುಗಿದ. "ಇಲಾಖೆ ಏನು ನಿಮ್ಮಪ್ಪನ ಮನೆಯೇ? ನಾಲ್ಕನೇ ನಂಬರ್ ಪಂಪು ಸುಟ್ಟು ಹಾಕಿದ್ದಲ್ಲದೆ ನನ್ನ ಮುಂದೆ ಹಲ್ಲು ಬಿಡ್ತೀಯ?"

"ಯಾವ ಪಂಪು?" ಎಂದರು ಮೇಷ್ಟ್ರು. ಅವರ ದನಿ ಇಳಿದಿತ್ತು.

"ವಾಲ್ವು ಯಾವುದು, ಮೋಟಾರು ಯಾವುದು ಗೊತ್ತಿಲ್ಲದ ಕತ್ತೆಗಳನ್ನ ಕೆಲಸಕ್ಕೆ ಇಟ್ಕೊಂಡು ಊರಿಗೆ ನೀರು ಕುಡಿಸ್ಬೇಕು ನಾನು," ಎಂದು ಮಾತ್ರೆಯ ಕಡೆ ತಿರುಗಿದ. ಮಾತ್ರೆ ಎರಡು ಹೆಜ್ಜೆ ಹಿಂದೆ ಸರಿದ. "ಎಣ್ಣೆ ಹಾಕಿದ್ಯಾ? ಯಾವತ್ತು ಹಾಕಿದ್ದೆ? ಬಾಯಿ ಬಿಡು." ಮೇಸ್ತ್ರಿ, ತನ್ನನ್ನೇ ಕೇಳುತ್ತಿದ್ದಾರೆಂದು ತಿಳಿದು, ಯಂತ್ರಕ್ಕೆ ಬೆಳಿಗ್ಗೆ ಎಣ್ಣೆ ಹಾಕಿದ್ದೇನೆ ಎಂದ.

ಬೈಗುಳ ಯಾರಿಗೂ ಹೊಂದಲಿಲ್ಲ, ಆದರೆ ಎಲ್ಲರಿಗೂ ತಗುಲಿತು. ಅವನು ರೂಮಿನ ಹಿಂದಕ್ಕೆ ಓಡಿ ಇಪ್ಪತ್ಮೂರನೆಯ ಗೂಟ ಕಿತ್ತು ತಂದ. ಅದನ್ನು ಹಿಡಿದು ಇಪ್ಪತ್ತೆರಡರ ಪಕ್ಕ, ಕಾಲುವೆಯ ಅಂಚಿನಲ್ಲಿ, ರೂಮಿನ ಗೋಡೆಗೆ ಆತುಕೊಂಡು ನಿಂತು ಬೈಯುವುದನ್ನು ಮುಂದುವರಿಸಿದ.

ಒಳಗೆ ಸೂಜಿ ನಿಂತಿತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಕೇಳದ ದನಿ ಅದು. ಇದು ಯಾರು ಎಂದು ನೋಡಲು ಹೆಂಡತಿ ಕೈಯಲ್ಲಿದ್ದ ಕೋಟನ್ನು ಕೆಳಗಿಟ್ಟು ಬಾಗಿಲಿಗೆ ಬಂದಳು, ನಂಬಿಕೆಯಾಗದೆ ಇನ್ನೂ ನಾಲ್ಕು ಹೆಜ್ಜೆ ಹೊರಗೆ ಬಂದಳು. ಗಂಡನ ಕುತ್ತಿಗೆಯ ನರ ಉಬ್ಬಿತ್ತು. ಅವಳ ಮುಖದಲ್ಲಿ ಏನೋ ಸಡಿಲವಾಯಿತು. ಬಹುಶಃ ಇನ್ನೊಂದು ಕ್ಷಣ ಬಿಟ್ಟಿದ್ದರೆ ಅದು ನಗುವಾಗುತ್ತಿತ್ತು, ಈ ಬಾರಿ ಬೇರೆ ಥರದ್ದು.

ಆದರೆ ಹಳೆಯ ಇಂಜಿನಿಯರ್ ಆ ಬೈಗುಳದ ಕೊನೆಯಲ್ಲಿ "ನಡಿ ಆಚೆ" ಎಂದು ನೆಲಕ್ಕೆ ಕಾಲು ಅಪ್ಪಳಿಸಿದ್ದರು. ಸ್ಟೋರ್‌ಕೀಪರ್ ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ.

"ನಡಿ ಆಚೆ," ಎಂದು ಅವನೂ ಅಪ್ಪಳಿಸಿದ.

ಕೆಳಗೆ ಹೆಗ್ಗಣಗಳು ತಿಂಗಳಿಂದ ಕೊರೆದ ಟೊಳ್ಳು, ಪಕ್ಕದಲ್ಲಿ ಮೂರಡಿ ಕಾಲುವೆ. ನೆಲ ಮೊದಲು ಉಸಿರು ಬಿಟ್ಟಂತೆ ಸದ್ದು ಮಾಡಿತು. ಸ್ಟೋರ್‌ಕೀಪರ್ ಗೂಟದ ಸಮೇತ ಸೊಂಟದವರೆಗೆ ಕಾಲುವೆಗೆ ಇಳಿದ. ಅವನ ಹಿಂದೆಯೇ ಮೊದಲ ವರ್ಷದ ಮೂರು ಗೋಡೆ, ಮರುವರ್ಷದ ನಾಲ್ಕನೆಯದು, ತಗಡು, ಕಿಟಕಿ, ಕಟ್ಟಿದ ಕ್ರಮದಲ್ಲೇ ಒಳಗೆ ಕುಸಿದವು. ಹೆಂಡತಿ ನಾಲ್ಕು ಹೆಜ್ಜೆ ಹೊರಗಿದ್ದಳು. ಅವಳ ಕೈಯಲ್ಲಿ ಸೂಜಿ ಇತ್ತು.

ಧೂಳು ಇಳಿಯುವಾಗ ಇಟ್ಟಿಗೆಯ ಸಂದಿನಿಂದ ಒಂದು ದೊಡ್ಡ ಹೆಗ್ಗಣ ಹೊರಗೆ ಬಂತು. ಹಿಂದೆ ಆರು ಮರಿ. ಅವು ಯಾರ ಕಡೆಗೂ ನೋಡದೆ, ಬಿದ್ದ ಕಾಂಪೌಂಡಿನ ಮೇಲೆ ಸಾಲಾಗಿ ನಡೆದು ಡ್ರಿಲ್ ಮೇಷ್ಟ್ರ ಹಿತ್ತಲಿಗೆ ಇಳಿದವು.

"ಅಂದ್ರೆ, ಅದು ಹೆಗ್ಗಣವೇ," ಎಂದರು ಮೇಷ್ಟ್ರು.



ಮೇಸ್ತ್ರಿ ಯಂತ್ರ ತೆಗೆದುಕೊಂಡು ಹೋದ. ಇಪ್ಪತ್ಮೂರನೆಯ ಗೂಟ ಸ್ಥಳದಲ್ಲಿ ಇಲ್ಲದ ಕಾರಣ ಕಾಮಗಾರಿ ಮುಂದುವರಿಸಲಾಗದು ಎಂದು ಇಂಜಿನಿಯರ್ ಅಂದೇ ಬರೆದರು. ಗೂಟಗಳು ಉಗ್ರಾಣದಿಂದ ಹೊರಗೆ ಹೋದದ್ದು ಹೇಗೆಂದು ಏಳು ದಿನದೊಳಗೆ ತಿಳಿಸಬೇಕೆಂದು ಸ್ಟೋರ್‌ಕೀಪರನಿಗೆ ಇನ್ನೊಂದು ಹಾಳೆ ಬಂತು. ಪೈಪು ಬರಲಿಲ್ಲ. ಶನಿವಾರ ಆಸ್ಪತ್ರೆಯ ಹೊಲಿಗೆ ಬೇರೆಯವರಿಗೆ ಹೋಯಿತು. ಮೇಟ್ರನ್ ಕೆಟ್ಟವಳಲ್ಲ. ಇಪ್ಪತ್ತು ಕೋಟು ಚೆನ್ನಾಗಿದ್ದವು ಎಂದು ಹೇಳಿ ಕಳಿಸಿದ್ದಳು.

ಭಾನುವಾರ ಬೆಳಿಗ್ಗೆ ಗಂಡಹೆಂಡತಿ ಇಟ್ಟಿಗೆ ಸರಿಸುತ್ತಿದ್ದಾಗ ಡ್ರಿಲ್ ಮೇಷ್ಟ್ರು ಗೋಡೆಯಿದ್ದ ಜಾಗದಲ್ಲಿ ಬಂದು ನಿಂತರು. ಈಗ ಅವರು ಪಾದದ ತುದಿಯ ಮೇಲೆ ಏಳಬೇಕಾಗಿರಲಿಲ್ಲ.

"ಸ್ಟೋರು, ನಮ್ಮ ಹಿತ್ತಲಲ್ಲಿ ಮೂರು ಬಿಲ ಎದ್ದಿವೆ. ಏನು ಮಾಡೋದು ಅಂತ."

ಸ್ಟೋರ್‌ಕೀಪರ್ ಬಾಯಿ ತೆರೆದ. ಹೆಂಡತಿ ಅವನ ಕಡೆ ನೋಡಿದಳು. ಅವನು ಬಾಯಿ ಮುಚ್ಚಿದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಅದು ಬುಧವಾರವೇ ಮುಗಿದುಹೋಗಿತ್ತು, ಮತ್ತೆ ಬರುವ ಸೂಚನೆಯೂ ಇರಲಿಲ್ಲ.

"ಗಾರೆ ಮೇಸ್ತ್ರಿನ ಕರೆಸಿ," ಎಂದಳು ಅವಳು ಮೇಷ್ಟ್ರಿಗೆ. "ಎರಡು ದಿನದ ಕೆಲಸ."

ಆಮೇಲೆ ಗಂಡನ ಕಡೆ ತಿರುಗಿದಳು. "ರಿಜಿಸ್ಟರ್ ತನ್ನಿ."

ಅವನು ತಂದ. ಇಟ್ಟಿಗೆಯ ಮೇಲೆ ಕೂತು ಹೊಸ ಪುಟ ತೆರೆದ. ಅವಳು ನಿಂತುಕೊಂಡೇ ಹೇಳಿದಳು, ಅವನು ಬರೆದ. ಗೇಟು ಒಂದು. ಗೋಡೆ ಮೂವತ್ತಡಿ. ಸೀಬೆ ಮರ ಒಂದು. ರೂಮು ಒಂದು. ಮೇಜು ಒಂದು. ಮಿಷನ್ನು ಒಂದು. ಕೋಟು ನಲವತ್ತು. ಹೆಗ್ಗಣ, ಇಲ್ಲ.